ಫ್ರೇಮ್, ಶಟರ್ ಗೊತ್ತಿದ್ರೆ ಸಾಲದು

ಕಿಟಕಿ ಮಾಡಿಸುವವರಿಗೆ ಫ್ರೇಮ್ (ಚೌಕಟ್ಟು), ಶಟರ್ (ತೆರೆದು ಮುಚ್ಚುವ ಬಾಗಿಲು) ಎರಡು ಪದ ಗೊತ್ತಿದ್ದರೆ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಮಳೆ ಕಡಿಮೆ ಇರುವ ಕಡೂರಿಗೆ ಸಾಕೇನೋ, ಮಳೆ ಜೋರಿರುವ ನಮ್ಮ ಮೂಡಿಗೆರೆಗೆ ಸಾಲದು. ಇಲ್ಲಿ ಮೊದಲು ವಿಚಾರಿಸಬೇಕಾದ್ದು ಸಿಲ್, ಅಂದರೆ ಕಿಟಕಿಯ ಕೆಳಗಿನ ಹಾಸು. ಅದು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ನಮ್ಮ ಮನೆಯಲ್ಲಿ ಮೇಸ್ತ್ರಿ ಮಟ್ಟಸವಾಗಿ ಗ್ರಾನೈಟ್ ಕೂರಿಸಿದ. ಜುಲೈ ಮಳೆಗೆ ನೀರು ಒಳಗೇ ಇಳಿದು ಮಂಚದ ಕಾಲಿನವರೆಗೂ ಬಂತು. ಇನ್ನು ಕಿಟಕಿಯ ಮೇಲೆ ಹೊರಗೆ ಚಾಚಿರುವ ಸಜ್ಜದ ಅಂಚಿನ ಅಡಿಯಲ್ಲಿ ಒಂದು ಗೆರೆ ಕೊರೆಯುತ್ತಾರಲ್ಲ, ನೀರು ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕಲಿ ಅಂತ? ಆ ಡ್ರಿಪ್ ಬಗ್ಗೆಯೂ ಒಂದು ಮಾತಿಲ್ಲ. ಅಂದಹಾಗೆ, ಬಾಗಿಲ ಫ್ರೇಮ್‌ಗೆ ದಾರಂದ ಅಂದರೆ ಇಲ್ಲಿನ ಬಡಗಿಗೆ ತಟ್ಟನೆ ಗೊತ್ತಾಗುತ್ತೆ, ಅದನ್ನೂ ಸೇರಿಸಬಹುದಿತ್ತು ಅಲ್ವಾ?