ಹತ್ತು ನಿಮಿಷಕ್ಕೆ ಕೆಂಪಾಗುವ ಈರುಳ್ಳಿ ಎಲ್ಲಿ ಸಿಗುತ್ತದೆ?

ಅಡುಗೆ ಪುಸ್ತಕ ಬರೆಯುವವರು ಈರುಳ್ಳಿಯನ್ನು ಗಡಿಯಾರ ನೋಡಿಕೊಂಡು ಹುರಿದಿದ್ದಾರಾ? ಇವತ್ತು ಗೆಳತಿಯರೆಲ್ಲ ಸೇರಿ ಹೊಸ ಸಸ್ಯಾಹಾರಿ ಅಡುಗೆಗೆ ಕೈ ಹಾಕಿದೆವು. ‘ಸಣ್ಣ ಉರಿಯಲ್ಲಿ ಕಂದು ಬಣ್ಣ ಬಂದು ಸಿಹಿಯಾಗುವವರೆಗೆ ಹುರಿಯಿರಿ, 10 ನಿಮಿಷ’ ಎಂದು ಬರೆದಿತ್ತು. ಹತ್ತು ನಿಮಿಷಕ್ಕೆ ಅದು ಮೆತ್ತಗಾಯಿತು, ಅಷ್ಟೇ! ಈರುಳ್ಳಿಯಲ್ಲಿ ಶೇಕಡ 90ರ ಹತ್ತಿರ ನೀರೇ ಇರುತ್ತದೆ. ಅದು ಆರದೆ ಬಣ್ಣ ಹೇಗೆ ಬರಬೇಕು? 40 ನಿಮಿಷವಾದರೂ ಬೇಕು. ಉರಿ ಜಾಸ್ತಿ ಮಾಡಿದರೆ ಅಂಚು ಸೀದು ಕಹಿಯಾಗುತ್ತದೆ. ಎಷ್ಟು ಪುಸ್ತಕ ತೆರೆದರೂ ಇದೇ ಸುಳ್ಳು.

ಅಷ್ಟರಲ್ಲಿ ನಾಲ್ಕನೇ ಹಂತ: ‘ರಾತ್ರಿಯಿಡೀ ನೆನೆಸಿದ ಕಡಲೆಕಾಳು ಹಾಕಿ’. ಇದನ್ನು ಮೊದಲ ಸಾಲಿನಲ್ಲೇ ಹೇಳಬಾರದಾ? ಮೇಲೆ ದಪ್ಪ ಅಕ್ಷರದಲ್ಲಿ ‘ಒಟ್ಟು ಸಮಯ 30 ನಿಮಿಷ’ ಅಂತ ಬೇರೆ!

ಇನ್ನು ಅಳತೆ. ಒಂದು ಪುಸ್ತಕದ ಕಪ್ 240 ಮಿ.ಲೀ., ಇನ್ನೊಂದರದ್ದು 250. ‘ಮಧ್ಯಮ ಗಾತ್ರದ ಬದನೆಕಾಯಿ’ ಅಂದರೆ ಯಾರ ಲೆಕ್ಕದಲ್ಲಿ ಮಧ್ಯಮ? ನಾವು ನಾಲ್ವರೂ ನಾಲ್ಕು ಗಾತ್ರ ತೋರಿಸಿದೆವು. ಗ್ರಾಂನಲ್ಲಿ ಬರೆಯಲು ಅಷ್ಟೊಂದು ಕಷ್ಟವಾ? ಫೋಟೋ ಮಾತ್ರ ಪುಟ ತುಂಬ. ಅದರಲ್ಲಿ ಕಾಣುವ ಸೊಪ್ಪು ಸಾಮಗ್ರಿಗಳ ಪಟ್ಟಿಯಲ್ಲೇ ಇಲ್ಲ!