ಹಳೆಯ ಕಾರ್ಖಾನೆಯ ಗೋಡೆಗೆ ಮೊದಲು ಬಾಗಿಲು ಇಡಿ

ಮುಚ್ಚಿದ ಕಾರ್ಖಾನೆಗೆ ಮರುಜೀವ ಬಂತು ಎಂಬ ಸುದ್ದಿ ಓದಿದಾಗಲೆಲ್ಲ ನಾನು ಮೊದಲು ಹುಡುಕುವುದು ಅದರ ನಕ್ಷೆಯನ್ನು. ಇಟ್ಟಿಗೆಯನ್ನು ಎಷ್ಟು ಚೆನ್ನಾಗಿ ತೊಳೆದಿದ್ದಾರೆ, ಚಿಮಣಿಗೆ ಯಾವ ಬಣ್ಣದ ದೀಪ ಹಾಕಿದ್ದಾರೆ ಎಂಬುದೆಲ್ಲ ಆಮೇಲಿನ ಮಾತು. ಸುತ್ತಲಿನ ಬೀದಿಗಳಿಂದ ಒಳಗೆ ಬರಲು ಎಷ್ಟು ದಾರಿಗಳಿವೆ? ಒಂದೇ ಗೇಟು, ಅದರ ಪಕ್ಕದಲ್ಲೊಂದು ವಿಶಾಲವಾದ ಪಾರ್ಕಿಂಗ್ ಜಾಗ ಎಂದಾದರೆ, ಕಾರಿನಲ್ಲಿ ಬರುವವರಿಗಾಗಿ ಇನ್ನೊಂದು ಮಾಲ್ ಕಟ್ಟಿದಂತಾಯಿತು, ಅಷ್ಟೇ.

ಕಾರ್ಖಾನೆಯ ಕಾಂಪೌಂಡ್ ಗೋಡೆ ಎದ್ದದ್ದೇ ಓಡಾಟವನ್ನು ಹಿಡಿತದಲ್ಲಿಡಲು. ಪಾಳಿಯ ಹೊತ್ತಿಗೆ ಸರಿಯಾಗಿ ಒಳಗೆ ಬರಬೇಕು, ಹೊರಡುವಾಗ ತಪಾಸಣೆಯಾಗಬೇಕು, ಸರಕು ಕಳುವಾಗಬಾರದು. ಯಂತ್ರಗಳು ಹೋದ ಮೇಲೂ ಪರಂಪರೆಯ ಹೆಸರಿನಲ್ಲಿ ಆ ಗೋಡೆಯನ್ನು ಸಂಪೂರ್ಣವಾಗಿ ಉಳಿಸಿಕೊಂಡರೆ, ಹಿಂದಿನ ಬೀದಿಯವರು ನೂರು ಹೆಜ್ಜೆಯ ದೂರಕ್ಕೆ ಒಂದು ಸುತ್ತು ಹಾಕಬೇಕು. ಮೊಣಕಾಲು ನೋವಿರುವ ಹಿರಿಯರು ಹಾಕುವುದಿಲ್ಲ. ಕಂಕುಳಲ್ಲಿ ಮಗುವಿರುವ ತಾಯಿಯೂ ಹಾಕುವುದಿಲ್ಲ.

ನಿಜ ಹೇಳಬೇಕೆಂದರೆ, ಇಂಥ ಕಟ್ಟಡಗಳು ನಡಿಗೆಗೆ ಹೇಳಿಮಾಡಿಸಿದಂತಿರುತ್ತವೆ. 19ನೇ ಶತಮಾನದ ಗಿರಣಿಗಳಿಗೆ ಕಾರ್ಮಿಕರು ಕಾಲ್ನಡಿಗೆಯಲ್ಲೇ ಬರುತ್ತಿದ್ದರು. ಹಾಗಾಗಿ ಮನೆಗಳು ಗೋಡೆಗೆ ಅಂಟಿಕೊಂಡಂತೆ ಬೆಳೆದವು. ವಿದ್ಯುತ್ ದೀಪ ಬರುವ ಮುಂಚಿನ ಕಟ್ಟಡಗಳಾದ್ದರಿಂದ ಕಿಟಕಿಗಳು ದೊಡ್ಡವು. ಗರಗಸದ ಹಲ್ಲಿನಂತಿರುವ ಛಾವಣಿಯ ಗಾಜನ್ನು ಬಿಸಿಲಿಗೆ ಬೆನ್ನು ಮಾಡಿ ಕೂರಿಸುತ್ತಿದ್ದರು. ಕಣ್ಣು ಕುಕ್ಕದ ತಂಪು ಬೆಳಕು ದಿನವಿಡೀ ಒಳಗೆ ಇಳಿಯುತ್ತದೆ. ಓದಲು, ಚಿತ್ರ ಬರೆಯಲು, ಮಕ್ಕಳು ಆಡಲು ಇದಕ್ಕಿಂತ ಒಳ್ಳೆಯ ಬೆಳಕು ಬೇಕೇ?

ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲರಿಗೂ ಪಾಠವಾಗಬೇಕಾದದ್ದು ಬ್ರೆಜಿಲ್‌ನ ಸಾವೊ ಪಾಲೊ ನಗರದ ಸೆಸ್ಕಿ ಪೊಂಪೇಯಾ ಎಂಬ ಸಾಂಸ್ಕೃತಿಕ ಕೇಂದ್ರ. ಅದು ಮೊದಲು ಡ್ರಮ್, ಅಂದರೆ ಲೋಹದ ಪೀಪಾಯಿ ತಯಾರಿಸುತ್ತಿದ್ದ ಕಾರ್ಖಾನೆ. ವಾಸ್ತುಶಿಲ್ಪಿ ಲೀನಾ ಬೋ ಬಾರ್ಡಿ 1976ರಲ್ಲಿ ಅಲ್ಲಿಗೆ ಮೊದಲ ಸಲ ಹೋದಾಗ ಮೆಚ್ಚಿದ್ದು ಖಾಲಿ ಶೆಡ್ಡುಗಳ ಕಾಂಕ್ರೀಟ್ ಚೌಕಟ್ಟನ್ನು. ಮತ್ತೆ ಒಂದು ಶನಿವಾರ ಹೋದಾಗ ನೋಟವೇ ಬೇರೆ. ಒಡೆದ ಛಾವಣಿಯಿಂದ ಮಳೆನೀರು ಸುರಿಯುತ್ತಿತ್ತು, ಅದರಡಿ ಹುಡುಗರು ನಗುತ್ತ ಚೆಂಡು ಒದೆಯುತ್ತಿದ್ದರು. ತಾಯಂದಿರು ಬಾಗಿಲ ಬಳಿ ಅಡುಗೆ ಮಾಡುತ್ತಿದ್ದರು, ಪಕ್ಕದಲ್ಲೇ ಬೊಂಬೆಯಾಟ. ಇದೆಲ್ಲ ಹೀಗೆಯೇ ಮುಂದುವರಿಯಬೇಕು ಎಂದು ಆಕೆ ನಿರ್ಧರಿಸಿದರು, ಕೆಡವಲಿಲ್ಲ. 1982ರಲ್ಲಿ ಬಾಗಿಲು ತೆರೆದಾಗ ಶೆಡ್ಡುಗಳ ನಡುವಿನ ದಾರಿ ಬೀದಿಯಾಗಿಯೇ ಉಳಿದಿತ್ತು. ದೊಡ್ಡ ಹಜಾರದ ನೆಲದಲ್ಲಿ ನದಿಯಂತೆ ಬಳುಕುವ, ಆಳವಿಲ್ಲದ ಕೊಳ. ಪಕ್ಕದಲ್ಲಿ ಓದುವ ಜಾಗ, ರಂಗಮಂದಿರ, ಕರಕುಶಲ ಕಾರ್ಯಾಗಾರಗಳು. ಆ ಹಜಾರದಲ್ಲಿ ಏನನ್ನೂ ಕೊಳ್ಳದೆ ಹೊತ್ತು ಕಳೆಯಬಹುದು. ಜನ ಆಗಲೇ ಏನು ಮಾಡುತ್ತಿದ್ದಾರೆ ಎಂದು ನೋಡದೆ ನಕ್ಷೆ ಬರೆಯುವವರ ಮೇಲೆ ನನಗೆ ಸಿಟ್ಟು ಬರುವುದು ಈ ಕಾರಣಕ್ಕೆ.

ನೆದರ್ಲೆಂಡ್ಸ್‌ನ ಟಿಲ್ಬರ್ಗ್‌ನಲ್ಲಿ 1932ರ ರೈಲು ಎಂಜಿನ್ ಶೆಡ್ 2019ರಲ್ಲಿ ಗ್ರಂಥಾಲಯವಾಯಿತು. ನೆಲದಲ್ಲಿದ್ದ ಹಳಿಗಳನ್ನು ಕೀಳಲಿಲ್ಲ. ಅವುಗಳ ಮೇಲೆ ಚಕ್ರವಿರುವ ಭಾರಿ ಮೇಜುಗಳನ್ನು ಕೂರಿಸಿದರು. ಬೇಕಾದಾಗ ತಳ್ಳಿಕೊಂಡು ಹೋಗಿ ಜಾಗ ಬಿಡಿಸಿಕೊಳ್ಳಬಹುದು. ಹಳೆಯದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದಕ್ಕಿಂತ ಇದು ನನಗೆ ಎಷ್ಟೋ ಹೆಚ್ಚಿನ ಗೌರವವಾಗಿ ಕಾಣುತ್ತದೆ.

ಕಾರಿನ ವಿಷಯದಲ್ಲಿ ರಾಜಿ ಬೇಡ. ಟೊರೊಂಟೊದ ಹಳೆಯ ಮದ್ಯ ತಯಾರಿಕಾ ಪ್ರದೇಶವನ್ನು 2003ರಲ್ಲಿ ತೆರೆದಾಗ ಅದನ್ನು ಪಾದಚಾರಿಗಳಿಗಷ್ಟೇ ಮೀಸಲಿಟ್ಟರು. ವ್ಯಾಪಾರ ನಿಂತುಹೋಗಲಿಲ್ಲ.

ಖರ್ಚು ಮತ್ತು ವಿಷದ ಪ್ರಶ್ನೆ ಎತ್ತುವವರು ಸುಳ್ಳು ಹೇಳುತ್ತಿಲ್ಲ. ಹಳೆಯ ಕೈಗಾರಿಕಾ ಮಣ್ಣಿನಲ್ಲಿ ಸೀಸ, ಟಾರು, ಎಣ್ಣೆ ಇರುತ್ತವೆ, ಛಾವಣಿಯಲ್ಲಿ ಆಸ್ಬೆಸ್ಟಾಸ್ ಇರಬಹುದು. ಮಕ್ಕಳು ಉರುಳಾಡುವ ನೆಲವನ್ನು ಪರೀಕ್ಷಿಸದೆ ತೆರೆಯುವುದು ಅಪರಾಧ. ಹಾಗೆಂದು ಎಲ್ಲ ಶುದ್ಧವಾಗುವ ತನಕ ಬೀಗ ಹಾಕಿಡಬೇಕಾಗಿಯೂ ಇಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಅನಿಲ ಕಾರ್ಖಾನೆ 1967ರಲ್ಲಿ ಉತ್ಪಾದನೆ ನಿಲ್ಲಿಸಿತು, ಆ ಜಾಗ ಉದ್ಯಾನವಾಗಿ ತೆರೆದದ್ದು 2003ರಲ್ಲಿ. ಆದರೆ ನಡುವೆ, 1990ರ ದಶಕದಲ್ಲಿ, ಕಟ್ಟಡಗಳನ್ನು ಕಲಾವಿದರಿಗೂ ಸಣ್ಣ ಉದ್ಯಮಗಳಿಗೂ ತಾತ್ಕಾಲಿಕವಾಗಿ ಕೊಟ್ಟರು. ಕಾಮಗಾರಿ ಮುಗಿಯುವ ಹೊತ್ತಿಗೆ ಜನರಿಗೆ ಅಲ್ಲಿಗೆ ಹೋಗಿ ರೂಢಿಯಾಗಿತ್ತು.

ನನಗೆ ನಿಜವಾದ ಭಯವಿರುವುದು ಬಾಡಿಗೆಯ ಬಗ್ಗೆ. ಬೀಜಿಂಗ್‌ನ ‘798’ ಎಂಬ ಹೆಸರಿನ ಪ್ರದೇಶದ ಖಾಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಿಗೆ ಕಲಾವಿದರು ಬಂದದ್ದು ಅಗ್ಗದ ಬಾಡಿಗೆ ನೋಡಿ. ಅವರಿಂದಲೇ ಆ ಜಾಗಕ್ಕೆ ಹೆಸರು ಬಂತು, ಹೆಸರು ಬಂದೊಡನೆ ಬಾಡಿಗೆ ಏರಿತು, ಅವರಲ್ಲಿ ಅನೇಕರು ಹೊರಬಿದ್ದರು. ಇದು ಎಲ್ಲಿ ಬೇಕಾದರೂ ಆಗುತ್ತದೆ. ಸೈಕಲ್ ರಿಪೇರಿಯವನಿಗೂ ಹೊಲಿಗೆಯವಳಿಗೂ ಇಷ್ಟು ಮಳಿಗೆಗಳು, ಇಷ್ಟು ವರ್ಷ, ಇಷ್ಟೇ ಬಾಡಿಗೆಗೆ ಎಂದು ಗುತ್ತಿಗೆ ಪತ್ರದಲ್ಲೇ ಬರೆಸಿಕೊಳ್ಳಬೇಕು. ಪುಕ್ಕಟೆ ಕೂರುವ ಬೆಂಚು, ಕುಡಿಯುವ ನೀರು, ಶೌಚಾಲಯವೂ ಅದೇ ಪತ್ರದಲ್ಲಿರಲಿ. ಉದ್ಘಾಟನೆಯ ರಿಬ್ಬನ್ ಕತ್ತರಿಸಿದ ಮೇಲೆ ಕೇಳಹೋದರೆ ಯಾರೂ ಕೊಡುವುದಿಲ್ಲ.