ಸಂಗೀತಮಯ ಪ್ರಿಸ್ಕೂಲ್ ತೆರೆಯುವವರಿಗೆ ಹಿತವಚನ

ಬೆಂಗಳೂರಿನಲ್ಲಿ ಖಾಲಿ ಮನೆ ಇದ್ದವರು ಮೊದಲೆಲ್ಲ ಪಿಜಿ ಮಾಡುತ್ತಿದ್ದರು, ಈಗ ಪ್ರಿಸ್ಕೂಲ್ ಮಾಡುತ್ತಾರೆ. ಪಿಜಿಯವರು ಬಿಸಿನೀರು ಬರಲಿಲ್ಲವೆಂದು ಜಗಳಕ್ಕೆ ಬರುತ್ತಾರೆ. ಮೂರು ವರ್ಷದ ಮಗು ಹನ್ನೆರಡೂವರೆಗೆ ಮನೆಗೆ ಹೋಗುತ್ತದೆ, ದೂರು ಹೇಳುವಷ್ಟು ಮಾತೂ ಬಂದಿರುವುದಿಲ್ಲ. ಆದರೆ ಕ್ರಾಸಿಗೆ ನಾಲ್ಕು ಪ್ರಿಸ್ಕೂಲ್ ಇರುವ ಕಡೆ ಐದನೆಯದಕ್ಕೆ ಜನ ಬರಬೇಕಾದರೆ ಗೇಟಿನ ಮೇಲೆ ಏನಾದರೂ ಜಾಸ್ತಿ ಬರೆಸಬೇಕು. ಸದ್ಯಕ್ಕೆ ಓಡುತ್ತಿರುವ ಸರಕು ಸಂಗೀತ. ಹೊಸದಾಗಿ ಅಂಗಡಿ ಇಡುವವರ ಅನುಕೂಲಕ್ಕೆ ಕೆಲವು ಮಾತು.

ಬೋರ್ಡಿನಲ್ಲಿ ‘ಮಾಂಟೆಸ್ಸರಿ’ ಇರಲೇಬೇಕು. ಹೆದರಬೇಡಿ, ಯಾರೂ ಕೇಳುವುದಿಲ್ಲ. ಆ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲವೆಂದು ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ 1967ರಲ್ಲೇ ತೀರ್ಮಾನ ಕೊಟ್ಟಾಗಿದೆ. ಈ ಶಿಕ್ಷಣ ಪದ್ಧತಿಗೆ ಹೆಸರು ಕೊಟ್ಟ ಇಟಲಿಯ ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದ್ರಾಸಿಗೆ ಬಂದವರು, ಮಹಾಯುದ್ಧದಿಂದಾಗಿ ಇಲ್ಲೇ ಉಳಿದು ಅಡ್ಯಾರ್, ಕೊಡೈಕೆನಾಲ್‌ಗಳಲ್ಲಿ ವರ್ಷಗಟ್ಟಲೆ ಶಿಕ್ಷಕರನ್ನು ತಯಾರು ಮಾಡಿದರು. ಅವರ ಫೋಟೊ ರಿಸೆಪ್ಷನ್‌ನಲ್ಲಿ ತೂಗುಹಾಕಿ, ಹಾರ ಹಾಕಿ. ಅವರ ಗಂಟೆಗಳನ್ನು ಮಾತ್ರ ತರಿಸಬೇಡಿ. ಹದಿಮೂರು ಹದಿಮೂರರ ಎರಡು ಸಾಲು, ಎಲ್ಲ ಗಂಟೆಯೂ ನೋಡಲು ಒಂದೇ ಗಾತ್ರ. ಒಂದು ಸಾಲಿನದನ್ನು ಮೆಲ್ಲಗೆ ಬಾರಿಸಿ, ಅದೇ ದನಿಯ ಜೋಡಿ ಇನ್ನೊಂದು ಸಾಲಿನಲ್ಲಿ ಎಲ್ಲಿದೆ ಎಂದು ಮಗು ಕಿವಿಯಿಂದಲೇ ಹುಡುಕಬೇಕು. ಕಣ್ಣಿಗೆ ಸುಳಿವು ಸಿಗದಿರಲಿ ಅಂತಲೇ ಹಾಗೆ ಮಾಡಿದ್ದು. ಒಂದು ಮಗು ಹುಡುಕುವಾಗ ಸುತ್ತ ಗದ್ದಲ ಇರಬಾರದು. ಇದರ ಫೋಟೊ ತೆಗೆದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ. ಅವರದೇ ‘ಮೌನದ ಆಟ’ ಇನ್ನೂ ಅಪಾಯಕಾರಿ. ಮಕ್ಕಳೆಲ್ಲ ಸದ್ದಿಲ್ಲದೆ ಕೂತು, ಟೀಚರ್ ಪಿಸುದನಿಯಲ್ಲಿ ತಮ್ಮ ಹೆಸರು ಕರೆದಾಗ ಒಬ್ಬೊಬ್ಬರೇ ಎದ್ದು ಹೋಗಬೇಕು. ಲಕ್ಷ ರೂಪಾಯಿ ಕಟ್ಟಿದ ತಂದೆ ಗೇಟಿನ ಹತ್ತಿರ ಕಿವಿಗೊಟ್ಟು ನಿಂತು, ಒಳಗೆ ಏನೂ ನಡೆಯುತ್ತಲೇ ಇಲ್ಲ ಅಂದುಕೊಂಡರೆ?

ಬ್ರೋಷರಿನ ಎರಡನೆಯ ಪುಟ ಮೆದುಳಿಗೆ ಮೀಸಲು. ಅರ್ಧ ನೀಲಿ ಅರ್ಧ ಕೇಸರಿ ಬಣ್ಣದ ಮೆದುಳಿನ ಚಿತ್ರ ಹಾಕಿ, ಮೊಜಾರ್ಟ್ ಕೇಳಿದರೆ ಬುದ್ಧಿ ಚುರುಕಾಗುತ್ತದೆ ಎಂದು ಬರೆಸಿ. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಪುಟ್ಟ ಪ್ರಯೋಗದಲ್ಲಿ ಇದ್ದವರು 36 ಮಂದಿ ಕಾಲೇಜು ವಿದ್ಯಾರ್ಥಿಗಳು. ಹತ್ತು ನಿಮಿಷ ಮೊಜಾರ್ಟ್ ಕೇಳಿಸಿ, ಕಾಗದ ಮಡಚಿ ಕತ್ತರಿಸಿದರೆ ಬಿಡಿಸಿದಾಗ ಹೇಗೆ ಕಾಣುತ್ತದೆ ಎಂಬಂಥ ಲೆಕ್ಕ ಕೊಟ್ಟರು. ಅಂಕ ಸ್ವಲ್ಪ ಏರಿತು, ಹತ್ತು ಹದಿನೈದು ನಿಮಿಷದಲ್ಲಿ ಇಳಿಯಿತು. ಆ ಕೋಣೆಯಲ್ಲಿ ಒಂದು ಹಸುಳೆಯೂ ಇರಲಿಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರು ಹುಟ್ಟಿದ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಸಿಡಿ ಹಂಚಲು 1,05,000 ಡಾಲರ್ ಕೇಳಿದರು. ಫ್ಲಾರಿಡಾದವರು ಸರ್ಕಾರದ ಹಣ ಪಡೆಯುವ ಶಿಶುವಿಹಾರಗಳಲ್ಲಿ ದಿನಾ ಅದನ್ನು ಹಾಕಬೇಕೆಂದು ಕಾನೂನನ್ನೇ ಮಾಡಿದರು. ಗವರ್ನರೇ ನಂಬಿದ ಮೇಲೆ ನಮ್ಮ ಜೆ.ಪಿ. ನಗರದ ಅಪ್ಪ ಅಮ್ಮ ಯಾವ ಲೆಕ್ಕ? ‘ಆಟವೇ ಪಾಠ’ ಎಂದೂ ಸೇರಿಸಿ, 2020ರ ಶಿಕ್ಷಣ ನೀತಿ ನಿಮ್ಮ ಬೆನ್ನಿಗಿದೆ. ಅದರ ಕೆಳಗೇ ಒಂಬತ್ತು ವರ್ಕ್‌ಬುಕ್ಕುಗಳ ಬೆಲೆಪಟ್ಟಿ ಬರಲಿ.

ಇನ್ನು ಪಾಠ. ‘ನಮ್ಮ ಸಂಸ್ಕೃತಿ’ ಬೇಕು ಎನ್ನುವವರಿಗೆ ಮೊದಲ ದಿನವೇ ಸರಳೆ ವರಸೆ, ಅಂದರೆ ಕರ್ನಾಟಕ ಸಂಗೀತದ ಮೊದಲ ಸ್ವರಪಾಠ, ಶುರು ಮಾಡಿಸಿ. ಪುರಂದರದಾಸರು ಹಾಕಿಕೊಟ್ಟ ಕ್ರಮ ಎಂದರೆ ಎದುರು ಮಾತಿಲ್ಲ. ದಾಸರ ಪಾಠಕ್ಕೆ ಏನೂ ಕುಂದಿಲ್ಲ. ಅದರ ರಾಗವಾದ ಮಾಯಾಮಾಳವಗೌಳದಲ್ಲಿ ಸರಿಗಮ, ಪದನಿಸ ಎರಡೂ ಒಂದೇ ಅಚ್ಚು, ಕೆಳಗಿನದು ಬಂದರೆ ಮೇಲಿನದು ಬಂದಂತೆ. ಕಲಿಯುವ ವಯಸ್ಸಿನವರಿಗೆ ಇದಕ್ಕಿಂತ ಒಳ್ಳೆಯ ಹಾದಿ ಸಿಗುವುದು ಕಷ್ಟ. ಡೈಪರ್ ಬಿಟ್ಟು ಆರು ತಿಂಗಳಾದವರ ಮುಂದೆ ಅದನ್ನು ಇಟ್ಟಾಗಲೇ ತಮಾಷೆ. ಮೂರು ವರ್ಷದ ಗಂಟಲಿಗೆ ಹಾಯಾಗಿ ಹಾಡಲು ಸಿಗುವುದು ಸುಮಾರು ಐದಾರು ಸ್ವರದಷ್ಟು ಜಾಗ. ಕೀಬೋರ್ಡಿನ ಮಧ್ಯ ಭಾಗದಲ್ಲಿ, ಎರಡು ಮನೆಯಿಂದ (ಅಂದರೆ ಎರಡನೆಯ ಬಿಳಿ ಕೀಯಿಂದ) ಆರು ಮನೆಯವರೆಗೆ ಅನ್ನಿ. ಪಾಠ ಹೇಳುವ ಮಿಸ್ಸು ಕೂತಿರುವುದು ತಮ್ಮ ಐದೂವರೆ ಮನೆ ಶ್ರುತಿಗೆ. ಅವರ ಕೆಳಷಡ್ಜ, ಅಂದರೆ ಕೆಳಗಿನ ‘ಸ’, ಮಗು ಮಾತಾಡುವ ದನಿಗಿಂತಲೂ ಕೆಳಗೆ ಬೀಳುತ್ತದೆ. ಅಲ್ಲಿಗೆ ಇಳಿಯಲಾಗದ ಮಗು ‘ಸ’ ‘ರಿ’ಗಳನ್ನು ಹಾಡದೆ ಬರೀ ಒದರುತ್ತದೆ, ಮಧ್ಯಮದ ಹೊತ್ತಿಗೆ ದನಿ ಹತ್ತುತ್ತದೆ. ಜತೆಗೆ ‘ಸ’ಗೆ ಅಂಟಿಕೊಂಡೇ ಇರುವ ಶುದ್ಧ ರಿಷಭ. ಸ-ರಿ, ಗ-ಮ, ಪ-ದ, ನಿ-ಸ, ಹೀಗೆ ನಾಲ್ಕು ಕಡೆ ಇಕ್ಕಟ್ಟಾದ ಸಂದು. ಎಳೆಯ ಕಿವಿ ಮೊದಲು ಜಾರುವುದೇ ಈ ಸಂದುಗಳಲ್ಲಿ. ಹಂಗೇರಿಯ ಸಂಗೀತಗಾರ ಜೋಲ್ತಾನ್ ಕೊಡಾಯ್ ಹಾದಿಯವರು ಚಿಕ್ಕವರಿಗೆ ಮೊದಲು ಇಂಥ ಸಂದುಗಳಿಲ್ಲದ ಹಾಡು ಹುಡುಕಿದ್ದು ಇದಕ್ಕೇ. ಅವರು ಶುರು ಮಾಡುವುದು ಎರಡೇ ಸ್ವರದಿಂದ, ನಮ್ಮ ಲೆಕ್ಕದಲ್ಲಿ ಪಂಚಮದಿಂದ (ಪ) ಅಂತರ ಗಾಂಧಾರಕ್ಕೆ (ಗ) ಇಳಿಯುವುದು. ಬೀದಿಯಲ್ಲಿ ಮಕ್ಕಳು ಒಬ್ಬರನ್ನೊಬ್ಬರು ರಾಗವಾಗಿ ಕೂಗಿ ಕರೆಯುವುದನ್ನು ಗಮನಿಸಿ, ಬಹಳ ಸಲ ಅದೇ ಎರಡು ಸ್ವರ.

ತಾಳವನ್ನೂ ಬಿಡಬೇಡಿ. ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಆಮೇಲೆ ಪೆಟ್ಟು ಬೀಸು ಎರಡು ಸಲ. ಚಡ್ಡಿಯ ಗುಂಡಿ ಹಾಕಲು ಬಾರದ ಬೆರಳುಗಳಿಗೆ ಇದು ತಕ್ಕ ಕೆಲಸ. ಒಂದನೇ ಕಾಲದ ನಿಧಾನ ನಡೆಯಿಂದ ಆರಂಭಿಸಿ, ನಿಧಾನವಾದದ್ದು ಸುಲಭ ಎಂಬುದು ದೊಡ್ಡವರ ನಂಬಿಕೆ ತಾನೆ? ನಾಲ್ಕು ವರ್ಷದ ಮಗುವನ್ನು ತನ್ನಷ್ಟಕ್ಕೆ ತಟ್ಟಲು ಬಿಟ್ಟರೆ ಅದರ ನಡೆ ನಮ್ಮದಕ್ಕಿಂತ ಎಷ್ಟೋ ಚುರುಕು. ಎರಡು ಪೆಟ್ಟಿನ ನಡುವಿನ ಖಾಲಿ ಜಾಗವನ್ನು ಕಾಯುವುದೇ ಅದಕ್ಕೆ ಕಷ್ಟ, ಹಾಗಾಗಿ ಓಡುತ್ತದೆ. ಮಿಸ್ಸು ‘ಓಡಬೇಡ’ ಎನ್ನುತ್ತಾರೆ, ಮಗು ಎದ್ದು ನಿಜವಾಗಿಯೂ ಓಡುತ್ತದೆ. ಜಿನೀವಾದ ಸಂಗೀತ ಶಿಕ್ಷಕ ಜಾಕ್-ದಾಲ್ಕ್ರೋಜ್ ಹಾದಿಯವರಾಗಿದ್ದರೆ ಅದನ್ನು ಓಡಲು ಬಿಟ್ಟು, ಅದರ ಹೆಜ್ಜೆಗೆ ತಾವು ಪಿಯಾನೊ ನುಡಿಸಿ, ಸಂಗೀತ ನಿಂತ ಕೂಡಲೇ ನಿಲ್ಲುವ ಆಟ ಆಡಿಸುತ್ತಿದ್ದರು. ನಿಮ್ಮಲ್ಲಿ ಓಡಲು ಜಾಗ ಇಲ್ಲ, ಹಾಲ್‌ನಲ್ಲಿ ಬಾಲ್ ಪೂಲ್ ಇದೆ.

ವಾದ್ಯಗಳ ವಿಷಯಕ್ಕೆ ಬಂದರೆ, ಬಣ್ಣಬಣ್ಣದ ಎಂಟು ಪಟ್ಟಿಯ ಕ್ಸೈಲೊಫೋನ್ ಡಜನ್ ಲೆಕ್ಕದಲ್ಲಿ ತನ್ನಿ. ಕೊಳ್ಳುವಾಗ ಕೆಳಗಿನ ಸ, ಮೇಲಿನ ಸ ಎರಡನ್ನೂ ಒಟ್ಟಿಗೆ ಬಾರಿಸಿ ನೋಡಬೇಡಿ. ಒಂದಕ್ಕೊಂದು ಕೂಡದೆ ದನಿ ಅಸಹ್ಯವಾಗಿ ಕೇಳಿದರೆ ಮನಸ್ಸಿಗೆ ಸುಮ್ಮನೆ ಬೇಜಾರು. ಜರ್ಮನಿಯ ಸಂಗೀತ ಶಿಕ್ಷಕರಾದ ಕಾರ್ಲ್ ಓರ್ಫ್ ಮತ್ತು ಗುನಿಲ್ಡ್ ಕೀಟ್‌ಮನ್ ಬಳಕೆಗೆ ತಂದ ಬಗೆಯಲ್ಲಿ ಪಟ್ಟಿಗಳನ್ನು ಎತ್ತಿ ಇಡಬಹುದು. ಮ ಮತ್ತು ನಿ ಪಟ್ಟಿಗಳನ್ನು ಎರಡೂ ಕೈಯಲ್ಲಿ ನೆಟ್ಟಗೆ ಮೇಲಕ್ಕೆತ್ತಿ ತೆಗೆದರೆ ಉಳಿಯುವುದು ಸರಿಗಪದ, ಅಂದರೆ ಮೋಹನ ರಾಗ. ಆಮೇಲೆ ಹತ್ತು ಮಕ್ಕಳು ಹತ್ತು ಕಡೆ ಹೊಡೆದರೂ ಕಿವಿಗೆ ಚುಚ್ಚುವುದಿಲ್ಲ, ‘ತಪ್ಪು’ ಎನ್ನಲು ಮಿಸ್ಸಿಗೆ ಅವಕಾಶವೇ ಸಿಗುವುದಿಲ್ಲ. ಆಟಿಕೆ ಅಂಗಡಿಯದರಲ್ಲಿ ಪಟ್ಟಿಗೆ ಮೊಳೆ ಬಡಿದಿರುತ್ತದೆ, ಆ ಚಿಂತೆ ಇಲ್ಲ. ಕೀಬೋರ್ಡ್ ಅಂತೂ ಇನ್ನೂ ಸಲೀಸು, ಅದರಲ್ಲಿ ಡೆಮೊ ಬಟನ್ ಇರುತ್ತದೆ. ಬಟನ್ ಒತ್ತಿ, ಮಗುವಿನ ಕೈ ಕೀಗಳ ಮೇಲಿಡಿಸಿ, ವಿಡಿಯೊ ತೆಗೆದು ಕಳಿಸಿ.

ಪಿಟೀಲು ಕೇಳುವ ಪೋಷಕರೂ ಬರುತ್ತಾರೆ, ‘ಸುಜುಕಿ ವಿಧಾನ ಇದೆಯಾ?’ ಎಂದು. ಇದೆ ಎನ್ನಿ, ವಿವರಕ್ಕೆ ಹೋಗಬೇಡಿ. ಜಪಾನಿನ ಶಿನಿಚಿ ಸುಜುಕಿಯ ಕ್ರಮದಲ್ಲಿ ಮಗು ಮೊದಲು ಹಿಡಿಯುವುದು ರಟ್ಟಿನ ಡಬ್ಬಕ್ಕೆ ಸ್ಕೇಲು ಅಂಟಿಸಿದ ಉತ್ತುತ್ತು ಪಿಟೀಲು. ನಿಲ್ಲುವುದು, ಗಲ್ಲ ಒತ್ತುವುದು, ಬಗ್ಗಿ ನಮಸ್ಕರಿಸುವುದು ಇಷ್ಟರಲ್ಲೇ ವಾರಗಳು ಕಳೆಯುತ್ತವೆ. ಅದಾದರೂ ಪರವಾಗಿಲ್ಲ. ತಾಯಿಯೋ ತಂದೆಯೋ ತಾವೇ ಮೊದಲು ಪಿಟೀಲು ಹಿಡಿದು ಒಂದು ಹಾಡು ಕಲಿಯಬೇಕು, ಪಾಠದಲ್ಲಿ ಪಕ್ಕ ಕೂರಬೇಕು, ಮನೆಯಲ್ಲಿ ದಿನಾ ಆ ಹಾಡುಗಳನ್ನು ಕೇಳಿಸಬೇಕು ಎಂಬುದು ಅದರ ಜೀವಾಳ. ಮಗುವನ್ನು ನಾಲ್ಕು ಗಂಟೆ ಹೊತ್ತು ಎಲ್ಲಾದರೂ ಬಿಡಲು ಬಂದವರಿಗೆ ‘ಸ್ವಾಮಿ, ನೀವೂ ಕೂತ್ಕೊಳ್ಳಿ’ ಎಂದರೆ ಅವರು ನೇರ ಪಕ್ಕದ ಕ್ರಾಸಿಗೆ ನಡೆಯುತ್ತಾರೆ.

ಡಿಸೆಂಬರ್ ಬಂತೆಂದರೆ ಆ್ಯನ್ಯುವಲ್ ಡೇ. ಅಕ್ಟೋಬರಿನಿಂದಲೇ ಪಾಠ ನಿಲ್ಲಿಸಿ. ಸೌಂಡ್ ಸಿಸ್ಟಂನವರಿಗೆ ಧಾರಾಳವಾಗಿ ದುಡ್ಡು ಕೊಡಿ. ಮಕ್ಕಳ ಕಿವಿಗೆ ವಾರಕ್ಕೆ 40 ಗಂಟೆ 75 ಡೆಸಿಬೆಲ್‌ವರೆಗೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆಯಂತೆ, ಆ ಸಂಸ್ಥೆಯವರನ್ನು ಮುಖ್ಯ ಅತಿಥಿಗಳಾಗಿ ಕರೆಯದಿದ್ದರಾಯಿತು. ವೇದಿಕೆಯ ಮೇಲೆ ಯಾವ ಮಗುವೂ ಹಾಡಕೂಡದು. ಟ್ರ್ಯಾಕ್ ಹಾಡುತ್ತದೆ, ಮಕ್ಕಳು ತುಟಿ ಆಡಿಸಬೇಕು. ಕೆಳಗೆ ಕತ್ತಲಲ್ಲಿ ಮಿಸ್ಸು ಕುಕ್ಕರಗಾಲಲ್ಲಿ ಕೂತು ಕೈ ಬೀಸುತ್ತಿರುತ್ತಾರೆ. ಮಕ್ಕಳ ಹೆಜ್ಜೆ ಸದಾ ಒಂದು ಪೆಟ್ಟು ತಡ, ಯಾಕೆಂದರೆ ಅವರು ಹಾಡು ಕೇಳುತ್ತಿಲ್ಲ, ಮಿಸ್ಸನ್ನು ನೋಡುತ್ತಿದ್ದಾರೆ. ಎಡತುದಿಯಲ್ಲಿ ಪುರಂದರದಾಸರ ವೇಷದ ಒಂದು ಮಗು. ಗೋಂದಿನ ಬಿಳಿ ಮೀಸೆ ಕಚಗುಳಿ ಇಟ್ಟು ಅರ್ಧ ಕಿತ್ತು ಬಂದಿದೆ. ಥರ್ಮೋಕೋಲ್ ತಂಬೂರಿಯ ಬುರುಡೆ ಭುಜದ ಮೇಲೆ, ದಂಡಿ ಕೆಳಗೆ. ಬಾಡಿಗೆ ಪಂಚೆ ಜಾರುತ್ತಿರುವುದರಿಂದ ಒಂದು ಕೈ ಅಲ್ಲಿ. ಇಷ್ಟರ ನಡುವೆ ಅದು ಟ್ರ್ಯಾಕಿಗೆ ಸಂಬಂಧವೇ ಇಲ್ಲದ ಏನನ್ನೋ ತನ್ನ ಪಾಡಿಗೆ ಗುನುಗುತ್ತಿದೆ. ಮೈಕು ದೂರ ಇದೆ, ಪುಣ್ಯ.

ಯುಕೆಜಿಯವರಿಗೆ ಕಪ್ಪು ಗೌನು, ಚೌಕ ಟೋಪಿ ಹಾಕಿಸಿ ‘ಸಂಗೀತದಲ್ಲಿ ಪದವಿ’ ಕೊಡಿ. ಮಾರ್ಚ್ ಬಿಸಿಲಿಗೆ ಆ ಗೌನಿನೊಳಗೆ ಮಕ್ಕಳು ಬೆವೆಯುತ್ತಾರೆ, ಅದು ಶ್ರಮದ ಬೆವರು ಎಂದು ಭಾಷಣದಲ್ಲಿ ಹೇಳಬಹುದು.

ಪೋಷಕರು ಸರ್ಕಾರಿ ಅಂಗನವಾಡಿಯ ಕಡೆ ಕಣ್ಣು ಹಾಯಿಸದಂತೆಯೂ ನೋಡಿಕೊಳ್ಳಿ. 1975ರಲ್ಲಿ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆಗಳು ದೇಶದಲ್ಲಿ ಮೊದಲು ಶುರುವಾದಾಗ ನಮ್ಮ ತಿ. ನರಸೀಪುರವೂ ಅದರಲ್ಲಿತ್ತು. ಹಲವು ಅಂಗನವಾಡಿಗಳಲ್ಲಿ ಇವತ್ತಿಗೂ ಟೀಚರಮ್ಮ ಜಮಖಾನೆಯ ಮೇಲೆ ಮಕ್ಕಳ ಸಮಕ್ಕೆ ಕೂತು, ಕೈತಟ್ಟಿ, ಎರಡು ಮೂರು ಸ್ವರದೊಳಗೆ ಮುಗಿಯುವ ಅಭಿನಯ ಗೀತೆ ಹೇಳಿಸುತ್ತಾರೆ. ಮಕ್ಕಳಿಗೆ ಸಾಕಾದ ಕೂಡಲೇ, ಅಂದರೆ ಹತ್ತು ಹದಿನೈದು ನಿಮಿಷಕ್ಕೆ, ನಿಲ್ಲಿಸುತ್ತಾರೆ. ಕೊಡಾಯ್, ಓರ್ಫ್ ಇಬ್ಬರೂ ಕಿಟಕಿಯಲ್ಲಿ ಇಣುಕಿದ್ದರೆ ತಲೆಯಾಡಿಸುತ್ತಿದ್ದರು. ಆದರೆ ಅಲ್ಲಿ ಆ ಟೀಚರಿಗೆ ಪೌಷ್ಟಿಕ ಆಹಾರದ ಲೆಕ್ಕ, ತೂಕದ ಪಟ್ಟಿ, ಸಮೀಕ್ಷೆ, ಮೊಬೈಲ್ ಆ್ಯಪು ಎಲ್ಲ ಇರುವುದರಿಂದ ಹಾಡಿಗೆ ಉಳಿಯುವ ಹೊತ್ತು ಅಷ್ಟಕ್ಕಷ್ಟೆ. ಆ ಮಟ್ಟಿಗೆ ಸರ್ಕಾರ ನಿಮ್ಮ ಪರವಾಗಿಯೇ ಇದೆ.

ಕೊನೆಗೆ ಫೀ ರಸೀದಿ. ಮಕ್ಕಳನ್ನು ಐನ್‌ಸ್ಟೈನ್ ಮಾಡುವ ಹೆಸರಿನಲ್ಲಿ ಶಾಸ್ತ್ರೀಯ ಸಂಗೀತದ ವಿಡಿಯೊ ಮಾರಿದ ಡಿಸ್ನಿ ಕಂಪನಿ, 2009ರಲ್ಲಿ ಡಿವಿಡಿಗೆ 15.99 ಡಾಲರ್‌ನಂತೆ ಗಿರಾಕಿಗಳಿಗೆ ಹಣ ವಾಪಸ್ ಕೊಡಬೇಕಾಯಿತು. ಅಷ್ಟು ದೊಡ್ಡ ಕಂಪನಿಯಾದರೂ ಒಂದು ಸಣ್ಣ ಮುಂಜಾಗ್ರತೆ ಅವರಿಗೆ ಹೊಳೆಯಲಿಲ್ಲ. ನೀವು ರಸೀದಿಯ ತಳದಲ್ಲಿ, ಆರು ಪಾಯಿಂಟಿನ ಅಕ್ಷರದಲ್ಲಿ ಅಚ್ಚು ಹಾಕಿಸಿ: ‘ಒಮ್ಮೆ ಪಾವತಿಸಿದ ಶುಲ್ಕವನ್ನು ಯಾವುದೇ ಕಾರಣಕ್ಕೂ ಹಿಂದಿರುಗಿಸಲಾಗುವುದಿಲ್ಲ.’